ಗಾಡಿ ಮಾರುವ ಮೊದಲು ಸಂಬಳದ ಚೀಟಿ ನೋಡಿ

ಆಸ್ಪತ್ರೆ ಖರ್ಚು, ಸರ್ಕಾರಿ ಯೋಜನೆ, ಅರ್ಜಿ, ಕಾಗದಪತ್ರ ಇವುಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರಿಸುವವರು ನಮ್ಮ ಅಂಕಣಕಾರ್ತಿ. ಸರ್ಕಾರಿ ಆಸ್ಪತ್ರೆಯೊಂದರ ಸಮಾಜ ಸೇವಾ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು.

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ನಮ್ಮನೆಯವರಿಗೆ 44 ವರ್ಷ. ಸ್ವಂತ ಟಾಟಾ ಏಸ್ ಇಟ್ಟುಕೊಂಡು ಬಾಡಿಗೆ ಹೊಡೆಯುತ್ತಾರೆ. ತೆಂಗಿನಕಾಯಿ, ಕೊಬ್ಬರಿ ಮೂಟೆ, ಮದುವೆ ಸೀಜನ್ ಬಂದರೆ ಶಾಮಿಯಾನ, ಕುರ್ಚಿ ಎಲ್ಲಾ ಸಾಗಿಸುತ್ತಾರೆ. ರಾತ್ರಿ ಗಾಡಿ ಓಡಿಸುವಾಗ ನಿದ್ದೆ ಬರಬಾರದು ಅಂತ ಗುಟ್ಕಾ ಅಭ್ಯಾಸ ಮಾಡಿಕೊಂಡಿದ್ದರು. ಎಡಗೆನ್ನೆಯ ಒಳಗೆ ಹುಣ್ಣಾಯಿತು. ಮುಲಾಮು ಹಚ್ಚಿದೆವು, ವಾಸಿಯಾಗಲಿಲ್ಲ. ಆಮೇಲೆ ಬಾಯಿ ತೆಗೆಯುವುದೇ ಕಷ್ಟ ಆಯಿತು, ಮುದ್ದೆ ಕೂಡ ನುಂಗಲು ಆಗುತ್ತಿರಲಿಲ್ಲ. ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಚೂರು ತೆಗೆದು ಟೆಸ್ಟ್‌ಗೆ ಕಳಿಸಿದರು. ಕ್ಯಾನ್ಸರ್, ಮೂರನೇ ಹಂತ ಅಂತ ಬಂತು.

ಆಪರೇಷನ್ ಮಾಡಿ, ಆಮೇಲೆ 30 ಸಲ ಕರೆಂಟ್ (ರೇಡಿಯೇಷನ್) ಕೊಡಬೇಕಂತೆ. ಒಟ್ಟು ಆರೂವರೆ ಲಕ್ಷ ಅಂದರು. ಅವರು ಬರೆದುಕೊಟ್ಟ ಚೀಟಿಯ ಫೋಟೊ ಇದರ ಜೊತೆ ಕಳಿಸಿದ್ದೇನೆ. ನಮ್ಮದು ಮೊದಲು ಬಿಪಿಎಲ್ ಕಾರ್ಡ್ ಇತ್ತು. ಗಾಡಿ ತಗೊಂಡ ಮೇಲೆ ನಾಲ್ಕು ಚಕ್ರದ ವಾಹನ ಇದೆ ಅಂತ ಎಪಿಎಲ್ ಮಾಡಿದರು. ಅದಕ್ಕೇ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯಲ್ಲ ಅಂದುಬಿಟ್ಟರು.

ನನ್ನ ಸರ, ಓಲೆ ಫೈನಾನ್ಸ್‌ನಲ್ಲಿ ಅಡ ಇಟ್ಟು 1 ಲಕ್ಷ 40 ಸಾವಿರ ತಂದೆ. ಟೆಸ್ಟು, ಸ್ಕ್ಯಾನು ಅಂತ 38 ಸಾವಿರ ಆಗಲೇ ಹೋಯಿತು. ಗಾಡಿ ಮಾರೋಣ ಅಂದರೆ ಕಂತು ಇನ್ನೂ ಮುಗಿದಿಲ್ಲ. ನಾನು ನಾಲ್ಕು ವರ್ಷದಿಂದ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೇನೆ, ಕೈಗೆ 11 ಸಾವಿರ ಚಿಲ್ಲರೆ ಬರುತ್ತೆ. ಅವರನ್ನು ನೋಡಿಕೊಳ್ಳಲು ಇನ್ನು ಅದನ್ನೂ ಬಿಡಬೇಕು. ಮಗಳು ಸೆಕೆಂಡ್ ಪಿಯು.

ನಮ್ಮ ಭಾವನವರ ಮಗ ಫೋನಿನಲ್ಲಿ ಫೋಟೊ, ಕ್ಯೂಆರ್ ಕೋಡ್ ಹಾಕಿ ಜನರ ಹತ್ತಿರ ದುಡ್ಡು ಕೇಳೋಣ ಅಂತಾನೆ. ನಮ್ಮನೆಯವರು ಒಪ್ಪಲ್ಲ. "ನನ್ನ ಬಾಯಿನ ಊರಿಗೆಲ್ಲ ತೋರಿಸ್ತೀರಾ? ಆ ದುಡ್ಡನ್ನ ಮಗಳ ಓದಿಗೆ ಇಡಿ, ನನಗೆ ಖರ್ಚು ಮಾಡಬೇಡಿ" ಅಂತ ಗೋಡೆ ಕಡೆ ತಿರುಗಿ ಮಲಗುತ್ತಾರೆ. ನಾನು ಯಾರನ್ನು ಕೇಳಲಿ? ಗಾಡಿ ಮಾರಲಾ? ಬ್ಯಾಂಕಿನಲ್ಲಿ ವರ್ಷಕ್ಕೆ 436 ರೂಪಾಯಿ ಇನ್ಶೂರೆನ್ಸ್ ಅಂತ ಕಟ್ ಆಗುತ್ತೆ, ಅದರಿಂದ ಏನಾದರೂ ಬರುತ್ತಾ? ದಯವಿಟ್ಟು ಹೆಸರು ಹಾಕಬೇಡಿ.

— ಒಬ್ಬ ಓದುಗಿ, ಅರಸೀಕೆರೆ ತಾಲ್ಲೂಕು

ಉತ್ತರ: ತಂಗಿ, ಇಷ್ಟುದ್ದದ ಕಾಗದದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ನೀವು ಬಾಗಿಲ ಮರೆಯಲ್ಲಿ ನಿಲ್ಲಿಸಿದ್ದೀರಿ. ನಾಲ್ಕು ವರ್ಷದಿಂದ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೇನೆ ಅಂದಿರಲ್ಲ, ಆ ಮಾತು. ಮೊದಲು ಅದನ್ನೇ ಹಿಡಿದುಕೊಳ್ಳೋಣ. ಕೆಲಸ ಮಾತ್ರ ಬಿಡಬೇಡಿ.

ನಿಮ್ಮ ಸಂಬಳದ ಚೀಟಿ ತೆಗೆದು ನೋಡಿ. ಒಂದು ಕಡೆ ಬೇಸಿಕ್, ಡಿಎ ಇರುತ್ತದೆ. ಇನ್ನೊಂದು ಕಡೆ ಕಡಿತದ ಸಾಲು. ಅಲ್ಲಿ ಪಿಎಫ್ ಪಕ್ಕದಲ್ಲೋ ಕೆಳಗೋ ಇಎಸ್‌ಐ, ಅಂದರೆ ನೌಕರರ ಸರ್ಕಾರಿ ಆರೋಗ್ಯ ವಿಮೆ, ಅಂತ ನೂರು ರೂಪಾಯಿ ಆಸುಪಾಸು ಹಿಡಿದಿರಬೇಕು. ಸಂಬಳದ ಶೇ 0.75 ನಿಮ್ಮ ಪಾಲು, ಶೇ 3.25 ಕಂಪನಿಯ ಪಾಲು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಕಾರ್ಖಾನೆ ನೌಕರರಿಗೆ ಇದು ಅನ್ವಯಿಸುತ್ತದೆ. ಜ್ವರ ಬಂದಾಗ ಡಿಸ್ಪೆನ್ಸರಿಯಲ್ಲಿ ಮಾತ್ರೆ ತರುವುದಕ್ಕೆ ಮಾತ್ರ ಇಎಸ್‌ಐ ಅಂತ ನಿಮ್ಮ ಲೈನಿನವರೆಲ್ಲ ತಿಳಿದಿರಬಹುದು. ಗಂಡ ದುಡಿದರೆ ಹೆಂಡತಿಗೆ ಸಿಗುತ್ತೆ, ಹೆಂಡತಿ ದುಡಿದರೆ ಗಂಡನಿಗೆ ಸಿಗಲ್ಲ ಅಂತ ನಂಬಿದ ಹೆಣ್ಣುಮಕ್ಕಳನ್ನಂತೂ ನಾನು ಬಹಳ ನೋಡಿದ್ದೇನೆ. ಹಾಗೇನಿಲ್ಲ. ನೀವು ವಿಮೆದಾರರು, ಅವರು ನಿಮ್ಮ ಕುಟುಂಬ. ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಬರುತ್ತದೆ. ಮನೆಯವರಿಗೆ ದೊಡ್ಡ ಚಿಕಿತ್ಸೆ ಸಿಗಬೇಕಾದರೆ ವಿಮೆದಾರರು ಇಂತಿಷ್ಟು ಕಾಲ ವಂತಿಗೆ ಕಟ್ಟಿರಬೇಕು ಎಂಬ ನಿಯಮ ಇದೆ. ನಾಲ್ಕು ವರ್ಷ ಬಿಡದೆ ಹೋದ ನಿಮಗೆ ಅದು ಅಡ್ಡಿಯಾಗಲಾರದು.

ನಾಳೆಯೇ ಎಚ್‌ಆರ್ ಹತ್ತಿರ ಹೋಗಿ. ಇಎಸ್‌ಐ ದಾಖಲೆಯಲ್ಲಿ ಕುಟುಂಬದವರ ಪಟ್ಟಿಯ ಪ್ರಿಂಟ್ ಕೊಡಿ ಅಂತ ಕೇಳಿ. ಅದರಲ್ಲಿ ಗಂಡನ ಹೆಸರು ಇದೆಯಾ, ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ನೋಡಿ. ಕೆಲಸಕ್ಕೆ ಸೇರಿದ ದಿನ ಅವಸರದಲ್ಲಿ ಅಪ್ಪ, ಅಮ್ಮನ ಹೆಸರು ಮಾತ್ರ ಬರೆಸಿ ಬಂದವರು ಬಹಳ ಜನ. ನಮ್ಮ ಕಡೆ ಇನ್ನೊಂದು ತಾಪತ್ರಯ ಇದೆಯಲ್ಲ, ಆಧಾರ್‌ನಲ್ಲಿ ಹೆಸರಿನ ಕೊನೆಗೆ ಅಪ್ಪ ಇರುತ್ತೆ, ರೇಷನ್ ಕಾರ್ಡಿನಲ್ಲಿ ಅಪ್ಪ ಇರಲ್ಲ. ಆ ಒಂದು 'ಅಪ್ಪ'ನಿಗಾಗಿ ಆಪರೇಷನ್ ದಿನ ಕೌಂಟರ್ ಮುಂದೆ ಅಳುತ್ತಾ ನಿಂತವರಿದ್ದಾರೆ. ಹೋದ ದಿನವೇ ಸರಿ ಮಾಡಿಸಿ.

ಆಮೇಲೆ ನಿಮಗೆ ನಿಗದಿಯಾದ ಇಎಸ್‌ಐ ಡಿಸ್ಪೆನ್ಸರಿಗೆ ಬಯಾಪ್ಸಿ ರಿಪೋರ್ಟ್ ತಗೊಂಡು ಹೋಗಿ. ಅವರು ಮೇಲಿನ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಬೆಂಗಳೂರಿನಲ್ಲಿ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ದೊಡ್ಡದು. ಅಲ್ಲಿ ಇಲ್ಲದ ಚಿಕಿತ್ಸೆಗೆ ಒಪ್ಪಂದ ಇರುವ ಬೇರೆ ಆಸ್ಪತ್ರೆಗೆ ಕಳಿಸುತ್ತಾರೆ, ಆ ಬಿಲ್ ಇಎಸ್‌ಐ ಕಟ್ಟುತ್ತದೆ. ಒಂದು ಎಚ್ಚರಿಕೆ: ಈ ಬರೆದುಕೊಡುವ ಪತ್ರ ಕೈಗೆ ಬರುವ ಮೊದಲು ಖಾಸಗಿ ಆಸ್ಪತ್ರೆಗೆ ಸೇರಿಸಿ, ಆಮೇಲೆ ದುಡ್ಡು ವಾಪಸ್ ಕೊಡಿ ಅಂದರೆ ಬಹಳ ಅಲೆಸುತ್ತಾರೆ. ಪತ್ರ ಮೊದಲು, ದಾಖಲಾತಿ ಆಮೇಲೆ. ಇದು ಇಎಸ್‌ಐಗೆ ಮಾತ್ರ ಅಲ್ಲ, ಮುಂದೆ ಹೇಳುವ ಹೆಚ್ಚುಕಡಿಮೆ ಎಲ್ಲ ಸಹಾಯಕ್ಕೂ ಅನ್ವಯ. ಸರ್ಕಾರದ ದುಡ್ಡು ಚಿಕಿತ್ಸೆಗೆ ಮುಂಚೆ ಕೇಳಿದವರಿಗೆ ಬೇಗ ಸಿಗುತ್ತೆ. ಸಾಲ ಮಾಡಿ ಕಟ್ಟಿ ಬಂದವರಿಗೆ ಸಿಗುವುದು ಸಹಾನುಭೂತಿ.

ಅವರ ಜೊತೆ ಆಸ್ಪತ್ರೆಯಲ್ಲಿ ಯಾರು ಇರಬೇಕು ಎಂಬ ಚಿಂತೆ ನಿಮ್ಮದು, ಗೊತ್ತು. ಸಂಬಳ ಇಲ್ಲದ ರಜೆ ಕೇಳಿ. ಭಾವನವರ ಮಗ ಫೋನಿನಲ್ಲಿ ದುಡ್ಡು ಎತ್ತಲು ತಯಾರಿದ್ದಾನಲ್ಲ, ಅವನನ್ನೇ ವಾರಕ್ಕೆ ಎರಡು ದಿನ ಆಸ್ಪತ್ರೆಗೆ ಕಳಿಸಿ. ರಾಜೀನಾಮೆ ಮಾತ್ರ ಕೊಡಬೇಡಿ. ಕೆಲಸ ಬಿಟ್ಟರೆ ಇಎಸ್‌ಐ ಹಕ್ಕು ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಬಾಯಿ ಕ್ಯಾನ್ಸರ್‌ಗೆ ಮರುತಪಾಸಣೆ ವರ್ಷಗಟ್ಟಲೆ ಇರುತ್ತದೆ.

ಅದೇ ಚೀಟಿಯಲ್ಲಿರುವ ಪಿಎಫ್ ಕೂಡ ಉಪಯೋಗಕ್ಕೆ ಬರುತ್ತೆ. ಗಂಡನ ಕ್ಯಾನ್ಸರ್ ಚಿಕಿತ್ಸೆಗೆ ಅಂತ ನಿಮ್ಮ ಪಾಲಿನಿಂದ ಮುಂಗಡ ತೆಗೆಯಬಹುದು. ಪಿಎಫ್‌ನ ಯುಎಎನ್ ನಂಬರ್ ಮತ್ತು ಬ್ಯಾಂಕ್ ಖಾತೆ ಜೋಡಣೆಯಾಗಿದ್ದರೆ ಫೋನಿನಲ್ಲೇ ಅರ್ಜಿ ಹಾಕಬಹುದು. ದೊಡ್ಡ ಮೊತ್ತ ಬರಲ್ಲ. ಆದರೆ ಬೆಂಗಳೂರಿನ ಓಡಾಟಕ್ಕೆ, ಊಟಕ್ಕೆ ಆಗುತ್ತೆ, ಬಡ್ಡಿಯೂ ಇಲ್ಲ.

ಅಕಸ್ಮಾತ್ ಇಎಸ್‌ಐ ದಾರಿಯಲ್ಲಿ ಏನೋ ತೊಡಕು ಬಂತು ಅನ್ನಿ. ಆಗ ರೇಷನ್ ಕಾರ್ಡ್. ನಿಮ್ಮ ಕಾರ್ಡ್ ಬದಲಾಯಿಸಿದ್ದು ನನಗಂತೂ ಸರಿ ಕಾಣಲಿಲ್ಲ. ನಾಲ್ಕು ಚಕ್ರದ ವಾಹನ ಇದ್ದವರಿಗೆ ಬಿಪಿಎಲ್ ಇಲ್ಲ ಎಂಬ ನಿಯಮ ಇರುವುದು ನಿಜ. ಆದರೆ ಹೊಟ್ಟೆಪಾಡಿಗಾಗಿ ಸ್ವತಃ ಓಡಿಸುವ ಒಂದು ಬಾಡಿಗೆ ವಾಹನಕ್ಕೆ ಅದರಲ್ಲೇ ವಿನಾಯಿತಿ ಇದೆ. ಹಳದಿ ಬೋರ್ಡ್ ಆರ್‌ಸಿ, ಅವರ ಡ್ರೈವಿಂಗ್ ಲೈಸೆನ್ಸ್, ಸಾಲದ ಕಂತಿನ ಕಾಗದ, ನಾಡಕಚೇರಿಯ ಆದಾಯ ಪ್ರಮಾಣಪತ್ರ ಇಷ್ಟನ್ನೂ ಸೇರಿಸಿ ತಾಲ್ಲೂಕು ಕಚೇರಿಯ ಆಹಾರ ಶಿರಸ್ತೇದಾರರಿಗೆ ಅರ್ಜಿ ಕೊಡಿ. ಜೊತೆಗೆ ಬಯಾಪ್ಸಿ ರಿಪೋರ್ಟಿನ ಜೆರಾಕ್ಸ್ ಇಡಿ. ತುರ್ತು ಚಿಕಿತ್ಸೆಯ ಅರ್ಜಿಗಳನ್ನು ಬೇರೆಯಾಗಿ, ಬೇಗ ನೋಡುತ್ತಾರೆ. ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.

ಕಾರ್ಡ್ ಯಾಕೆ ಅಷ್ಟು ಮುಖ್ಯ ಅಂದರೆ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಏನೂ ಇಲ್ಲ ಅಂತಲ್ಲ. ಸರ್ಕಾರ ನಿಗದಿ ಮಾಡಿದ ದರದಲ್ಲಿ ಶೇ 30 ಸಿಗುತ್ತೆ, ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ. 'ಕಾರ್ಡ್ ನಡೆಯಲ್ಲ' ಅಂದವರು ಇದನ್ನೂ ಹೇಳಬೇಕಿತ್ತು. ಯಾವ ಕಾರ್ಡ್ ಆದರೂ ಸರಿ, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ನಿಮಗೆ ಹಾಸನದ ಹಿಮ್ಸ್ ಹತ್ತಿರ. ಅಲ್ಲಿ ಆಗದ ಚಿಕಿತ್ಸೆಯಾದರೆ ರೆಫರಲ್ ಪತ್ರ ಕೊಡುತ್ತಾರೆ. ಅದನ್ನು ತಗೊಂಡು ಯೋಜನೆಗೆ ಸೇರಿದ ಆಸ್ಪತ್ರೆಗೆ ಹೋದರೆ ಅಲ್ಲಿ 'ಆರೋಗ್ಯ ಮಿತ್ರ' ಅಂತ ಒಂದು ಮೇಜು ಇರುತ್ತೆ. ಡಾಕ್ಟರನ್ನು ನೋಡಿದ ಮೇಲೆ ಬಿಲ್ ಕೌಂಟರ್‌ಗೆ ಹೋಗಬೇಡಿ, ಆ ಮೇಜಿಗೆ ಹೋಗಿ. ಚಿಕಿತ್ಸೆಗೆ ಮುಂಗಡ ಮಂಜೂರಾತಿ ಬಂತಾ ಅಂತ ಅವರನ್ನು ಕೇಳಿ, ಬಂದ ಮೇಲೆಯೇ ಅಡ್ಮಿಟ್ ಆಗಿ. ಉಚಿತ ಅಂತ ಇದ್ದರೂ ಯಾರಾದರೂ ದುಡ್ಡು ಕೇಳಿದರೆ 14555ಕ್ಕೆ ಫೋನ್ ಮಾಡಿ. ಒಂದೇ ಬಿಲ್‌ಗೆ ಇಎಸ್‌ಐಯನ್ನೂ ಇದನ್ನೂ ಎರಡನ್ನೂ ಬಳಸಲು ಆಗಲ್ಲ, ಅದು ನೆನಪಿರಲಿ.

ಎಲ್ಲಿಗೆ ಹೋಗಬೇಕು ಅಂತ ನನ್ನನ್ನು ಕೇಳಿದರೆ, ಇಎಸ್‌ಐ ದಾರಿ ಆಗದಿದ್ದರೆ ನಾನು ಹೇಳುವುದು ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ. 1973ರಲ್ಲಿ ಶುರುವಾದ ಸಂಸ್ಥೆ, ಡೈರಿ ಸರ್ಕಲ್ ಹತ್ತಿರ, ನಿಮ್ಹಾನ್ಸ್ ಪಕ್ಕದಲ್ಲೇ ಇದೆ. ಜನ ಜಾಸ್ತಿ, ಕಾಯಬೇಕು, ಬೇಜಾರಾಗುತ್ತೆ. ಆದರೆ ಬಾಯಿ ಕ್ಯಾನ್ಸರ್ ಆಪರೇಷನ್ ದಿನಾ ಮಾಡುವ ಕೈಗಳು ಅಲ್ಲಿವೆ. ಎಪಿಎಲ್‌ನವರಿಗೂ ಅಲ್ಲಿನ ದರ ಖಾಸಗಿಯವರ ದರಕ್ಕಿಂತ ಎಷ್ಟೋ ಕಡಿಮೆ. ಹೋಗುವ ಮೊದಲು ಹಾಸನದ ಆ ಆಸ್ಪತ್ರೆಯಿಂದ ಮೂರು ವಸ್ತು ವಾಪಸ್ ತಗೊಳ್ಳಿ: ಬಯಾಪ್ಸಿಯ ಗಾಜಿನ ಸ್ಲೈಡ್, ಮೇಣದ ಬ್ಲಾಕ್, ಸ್ಕ್ಯಾನ್‌ನ ಸಿಡಿ. ರಿಪೋರ್ಟ್ ಕಾಗದ ಒಂದೇ ಸಾಲದು. ಮೇಣದ ಬ್ಲಾಕ್ ಅಂದರೆ ಪುಟ್ಟ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ನಿಮ್ಮ ಯಜಮಾನರ ಚೂರು ಕೂರಿಸಿದ ಮೇಣ. ಅದು ಇಲ್ಲದಿದ್ದರೆ ಹೊಸ ಜಾಗದಲ್ಲಿ ಮತ್ತೆ ಚುಚ್ಚಿ ತೆಗೆಯಬೇಕಾಗಬಹುದು. ಮತ್ತೆ ದುಡ್ಡು, ಮತ್ತೆ ಕಾಯುವುದು, ಪಾಪ ಅವರಿಗೆ ಮತ್ತೆ ನೋವು. ಬೇಸಿಗೆಯಲ್ಲಿ ಹೋದರೆ ಬ್ಲಾಕನ್ನು ಬಿಸಿಲಿಗೆ ಬಿಡಬೇಡಿ, ಮೇಣ ಕರಗುತ್ತೆ.

ಇನ್ನು ನೀವು ಕಳಿಸಿದ ಚೀಟಿ. ಔಷಧಿ ಬರೆಯುವ ಪ್ಯಾಡಿನ ಮೇಲೆ '6.5 ಲಕ್ಷ, ಅಂದಾಜು' ಅಂತ ಗೀಚಿ ಸಹಿ ಹಾಕಿದ್ದಾರೆ. ಸೀಲ್ ಇಲ್ಲ, ರೋಗಿಯ ನಂಬರ್ ಇಲ್ಲ, ಯಾವ ಚಿಕಿತ್ಸೆಗೆ ಎಷ್ಟು ಅಂತ ಇಲ್ಲ. ಇದನ್ನು ಹಿಡಿದುಕೊಂಡು ಹೋದರೆ ಯಾವ ಕಚೇರಿಯಲ್ಲೂ ಕಣ್ಣೆತ್ತಿ ನೋಡಲ್ಲ. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ರೋಗದ ಹೆಸರು, ಹಂತ, ಆಪರೇಷನ್‌ಗೆ ಇಷ್ಟು, ರೇಡಿಯೇಷನ್‌ಗೆ ಇಷ್ಟು ಅಂತ ಬೇರೆ ಬೇರೆ ಬರೆದು, ಆಸ್ಪತ್ರೆಯ ಬ್ಯಾಂಕ್ ಖಾತೆ ನಂಬರ್ ಹಾಕಿ, ಡಾಕ್ಟರ ಸಹಿ, ಸೀಲ್, ತಾರೀಖು ಇರುವ ಅಂದಾಜು ಪತ್ರ ಬೇಕು. ಮೂಲ ಪ್ರತಿಯನ್ನೇ ಎರಡು ಮೂರು ಮಾಡಿಸಿಕೊಳ್ಳಿ.

ಆ ಪತ್ರ ಇದ್ದರೆ ಎರಡು ಬಾಗಿಲು ತಟ್ಟಬಹುದು. ಒಂದು, ಮುಖ್ಯಮಂತ್ರಿ ಪರಿಹಾರ ನಿಧಿ. ಇನ್ನೊಂದು, ಪ್ರಧಾನ ಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ. ಎರಡನೆಯದಕ್ಕೆ ರೋಗಿಯ ಎರಡು ಫೋಟೊ, ವಿಳಾಸದ ದಾಖಲೆ, ಆದಾಯ ಪ್ರಮಾಣಪತ್ರ, ರೋಗ ಮತ್ತು ಖರ್ಚು ತಿಳಿಸುವ ಮೂಲ ವೈದ್ಯಕೀಯ ಪತ್ರ ಕೇಳುತ್ತಾರೆ. ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೋ ಆ ನಿಧಿಯ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲೋ ಆಗಬೇಕು. ದುಡ್ಡು ನಿಮ್ಮ ಕೈಗೆ ಬರಲ್ಲ, ನೇರ ಆಸ್ಪತ್ರೆಗೆ ಹೋಗುತ್ತದೆ. ಪೂರ್ತಿ ಖರ್ಚು ಕೊಡುವುದಿಲ್ಲ, ಒಂದು ಪಾಲು ಕೊಡುತ್ತಾರೆ. ಮುಖ್ಯಮಂತ್ರಿ ನಿಧಿಗೆ ಶಾಸಕರ ಪತ್ರ, ಪ್ರಧಾನಿ ನಿಧಿಗೆ ಸಂಸದರ ಪತ್ರ ಇದ್ದರೆ ಫೈಲ್ ಸ್ವಲ್ಪ ಚುರುಕಾಗಿ ಓಡುತ್ತೆ. ಕಾಯಿಲೆ ಬಿದ್ದವನಿಗೆ ಸಹಾಯ ಮಾಡಲು ಇನ್ನೊಬ್ಬರ ಶಿಫಾರಸು ಯಾಕೆ ಬೇಕು ಅಂತ ನನಗೂ ಸಿಟ್ಟು ಬರುತ್ತೆ. ಆದರೆ ಸದ್ಯಕ್ಕೆ ಸಿಟ್ಟು ಬದಿಗಿಟ್ಟು ಪತ್ರ ತನ್ನಿ. ಬಿಲ್‌ಗಳ ಮೂಲ ಪ್ರತಿ ಎಲ್ಲಿಗೇ ಕೊಟ್ಟರೂ ಮೊದಲು ಜೆರಾಕ್ಸ್ ತೆಗೆದಿಟ್ಟುಕೊಳ್ಳಿ. ಆಸ್ಪತ್ರೆ ಗೇಟಿನ ಹೊರಗೆ 'ನಿಧಿ ದುಡ್ಡು ಮಾಡಿಸಿಕೊಡ್ತೀನಿ, ಶೇ 10 ನನಗೆ' ಅನ್ನುವವರು ಸಿಗುತ್ತಾರೆ. ಅವರಿಗೆ ನೂರು ರೂಪಾಯಿಯನ್ನೂ ಕೊಡಬೇಡಿ. ಈ ಯಾವ ಅರ್ಜಿಗೂ ಶುಲ್ಕ ಇಲ್ಲ.

ಬ್ಯಾಂಕಿನ 436 ರೂಪಾಯಿ ಬಗ್ಗೆ ಕೇಳಿದ್ದೀರಿ. ಅದು ಜೀವವಿಮೆ. ಚಿಕಿತ್ಸೆಗೆ ಬರಲ್ಲ, ಅದರ ಹಿಂದೆ ಓಡಬೇಡಿ.

ಓಡಾಟದ ಖರ್ಚನ್ನು ನಿಮ್ಮ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ ನೀವು. ರೇಡಿಯೇಷನ್ 30 ಸಲ ಅಂದರೆ ವಾರಕ್ಕೆ ಐದು ದಿನದಂತೆ ಆರು ವಾರ. ಒಂದೊಂದು ಸಲ ಮಷಿನ್ ಕೆಳಗೆ ಮಲಗುವುದು ಕೆಲವೇ ನಿಮಿಷ, ಆದರೆ ಆರು ವಾರ ಬೆಂಗಳೂರಿನಲ್ಲೇ ಇರಬೇಕು. ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಆಸ್ಪತ್ರೆ ಬಿಲ್‌ಗಲ್ಲ, ಈ ಆರು ವಾರದ ರೂಮು, ಊಟಕ್ಕೆ. ಹಾಗೆ ನಿಲ್ಲಿಸುವುದು ಬಹಳ ಕೆಟ್ಟದ್ದು. ಆಪರೇಷನ್ ಆಗಿ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು, ಶುರುವಾದ ಮೇಲೆ ಮಧ್ಯೆ ತಪ್ಪಬಾರದು. ಕಿದ್ವಾಯಿಯಲ್ಲಿ ಧರ್ಮಶಾಲೆ ಇದೆ. ಅಡ್ಮಿಟ್ ಆದ ದಿನವೇ ಸಮಾಜ ಸೇವಾ ವಿಭಾಗದಲ್ಲಿ ಹೆಸರು ಬರೆಸಿ, ರೇಡಿಯೇಷನ್ ತಾರೀಖು ಬರಲಿ ಅಂತ ಕಾಯಬೇಡಿ.

ನಿಮಗೆ ರೈಲಿನ ಅನುಕೂಲ ಇದೆ. ಅರಸೀಕೆರೆ ಜಂಕ್ಷನ್. ಕ್ಯಾನ್ಸರ್ ರೋಗಿ ಚಿಕಿತ್ಸೆಗೋ ತಪಾಸಣೆಗೋ ಹೋಗುವಾಗ ಸ್ಲೀಪರ್ ಮತ್ತು ಎಸಿ ತ್ರೀ ಟಯರ್‌ನಲ್ಲಿ ಟಿಕೆಟ್ ದರಕ್ಕೆ ಪೂರ್ತಿ ರಿಯಾಯಿತಿ. ಜೊತೆಗೆ ಹೋಗುವ ಒಬ್ಬರಿಗೆ ಶೇ 75. ಆಸ್ಪತ್ರೆಯ ಡಾಕ್ಟರ್ ರೈಲ್ವೆಯ ನಮೂನೆಯಲ್ಲಿ ಬರೆದು ಸೀಲ್ ಹಾಕಿಕೊಡಬೇಕು. ಅದನ್ನು ನಿಲ್ದಾಣದ ರಿಸರ್ವೇಷನ್ ಕೌಂಟರ್‌ನಲ್ಲಿ ಕೊಟ್ಟು ಟಿಕೆಟ್ ತಗೊಳ್ಳಿ. ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ನಿಮಗೆ ಹೇಗೂ ಉಚಿತ, ಬೆಂಗಳೂರಿನ ಸಿಟಿ ಬಸ್ಸಿನಲ್ಲೂ.

ಗಾಡಿ ಮಾರಬೇಡಿ. ನಿಂತ ಗಾಡಿಗೆ ಅವಸರದಲ್ಲಿ ಗಿರಾಕಿ ಹುಡುಕಿದರೆ ಸಿಗುವುದು ಅರ್ಧ ಬೆಲೆ, ಅದರಲ್ಲೂ ಸಾಲ ತೀರಿಸಿ ಉಳಿಯುವುದು ಎಷ್ಟು? ನಂಬಿಕೆಯ ಡ್ರೈವರ್‌ಗೆ ದಿನ ಬಾಡಿಗೆಗೆ ಕೊಡಿ, ಕಂತಾದರೂ ಹೋಗುತ್ತೆ. ಸಾಲ ಕೊಟ್ಟವರಿಗೆ ಬಯಾಪ್ಸಿ ರಿಪೋರ್ಟ್ ತೋರಿಸಿ ಕಂತು ಕಡಿಮೆ ಮಾಡಿ ಅವಧಿ ಉದ್ದ ಮಾಡಲು ಬರೆದು ಕೇಳಿ. ಸಾಲದ ಕಾಗದದಲ್ಲಿ ವಿಮೆ ಅಂತ ಒಂದು ಮೊತ್ತ ಹಿಡಿದಿದ್ದಾರಾ ಅಂತಲೂ ನೋಡಿ. ಕೆಲವು ಸಾಲಗಳ ಜೊತೆ ಗಂಭೀರ ಕಾಯಿಲೆಯ ವಿಮೆ ಸೇರಿರುತ್ತೆ, ಸಾಲಗಾರನಿಗೇ ಗೊತ್ತಿರಲ್ಲ. ಚಿನ್ನದ ಸಾಲವನ್ನು ಫೈನಾನ್ಸ್‌ನಿಂದ ಬಿಡಿಸಿ ಬ್ಯಾಂಕಿಗೋ ಸೊಸೈಟಿಗೋ ಬದಲಾಯಿಸಲು ಆಗುತ್ತಾ ವಿಚಾರಿಸಿ. ಬಡ್ಡಿಯಲ್ಲಿ ಒಳ್ಳೆ ವ್ಯತ್ಯಾಸ ಇರುತ್ತೆ. ಇನ್ನು ಉಳಿದ ಒಂದು ಲಕ್ಷ ಚಿಲ್ಲರೆಯನ್ನು ಮುಟ್ಟದೆ ಇಟ್ಟುಕೊಳ್ಳಿ, ಬೆಂಗಳೂರಿಗೆ ಬೇಕಾಗುತ್ತೆ.

ಫೋಟೊ ವಿಚಾರದಲ್ಲಿ ನಾನು ನಿಮ್ಮ ಯಜಮಾನರ ಪಕ್ಷ. ನೋವಿನ ಮುಖ ತೋರಿಸಿದರೆ ದುಡ್ಡು ಜಾಸ್ತಿ ಬರುತ್ತೆ ಅನ್ನುವುದು ಇರಬಹುದು. ಆದರೆ ಗುಣವಾದ ಮೇಲೂ ಆ ಫೋಟೊ ಊರಿನ ಫೋನುಗಳಲ್ಲಿ ಉಳಿಯುತ್ತೆ, ಅದೇ ಊರಲ್ಲಿ ಅವರು ಮತ್ತೆ ಬಾಡಿಗೆ ಕೇಳಬೇಕು. ಇಎಸ್‌ಐ ಆದರೆ ಕೇಳುವ ಅಗತ್ಯವೇ ಬರಲಿಕ್ಕಿಲ್ಲ. ಬಂದರೂ ಗೂಡ್ಸ್ ಗಾಡಿ ಸ್ಟ್ಯಾಂಡಿನವರು, ಕೊಬ್ಬರಿ ಮಂಡಿಯವರು, ನಿಮ್ಮ ಲೈನಿನವರು ಇವರಿಗೆ ಮಾತ್ರ ಆಸ್ಪತ್ರೆಯ ಅಂದಾಜು ಪತ್ರ ತೋರಿಸಿ ಕೇಳಿ. ಅದರಲ್ಲಿ ಆಸ್ಪತ್ರೆಯ ಖಾತೆ ನಂಬರ್ ಇರುವುದರಿಂದ ಕೊಡುವವರಿಗೂ ಅನುಮಾನ ಇರಲ್ಲ. ಕೊಟ್ಟವರ ಹೆಸರು, ಮೊತ್ತ ಮಗಳ ಕೈಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ.

ಅವರು ಗೋಡೆ ಕಡೆ ತಿರುಗಿ ಮಲಗುತ್ತಾರೆ ಅಂದಿರಿ. ದುಡ್ಡಿನ ಲೆಕ್ಕ ಮುಂದಿಟ್ಟಾಗ ಗಂಡಸರು ಹೀಗೆ ಮಾಡುವುದು ಹೊಸದಲ್ಲ. ಮೂರನೇ ಹಂತ ಅಂದರೆ ಮುಗಿಯಿತು ಅಂತ ಅವರು ಅಂದುಕೊಂಡಿದ್ದಾರೆ. ಬಾಯಿ ಕ್ಯಾನ್ಸರ್‌ನಲ್ಲಿ ಮೂರನೇ ಹಂತಕ್ಕೂ ಗುಣಪಡಿಸಬೇಕು ಅಂತಲೇ ಆಪರೇಷನ್, ರೇಡಿಯೇಷನ್ ಮಾಡುವುದು. ಸುಮ್ನೆ ನೋವು ಕಡಿಮೆ ಮಾಡಲು ಅಲ್ಲ. ಈ ಮಾತನ್ನು ನಿಮ್ಮ ಬಾಯಿಂದ ಹೇಳಿದರೆ ಸಮಾಧಾನಕ್ಕೆ ಅಂದುಕೊಳ್ಳುತ್ತಾರೆ, ಡಾಕ್ಟರ ಬಾಯಿಂದ ಹೇಳಿಸಿ. ಇಎಸ್‌ಐ ಪಟ್ಟಿಯಲ್ಲಿ ಅವರ ಹೆಸರು ಇರುವ ಪ್ರಿಂಟ್ ಸಿಕ್ಕ ದಿನ ಅದನ್ನು ಅವರ ಕೈಗೇ ಕೊಡಿ. ಮಗಳ ಓದಿನ ದುಡ್ಡಿಗೆ ಕೈ ಹಾಕುತ್ತಿಲ್ಲ ಅಂತ ಕಾಗದದಲ್ಲಿ ಕಂಡರೆ ತಿರುಗಿ ಮಾತಾಡುತ್ತಾರೆ. ಗುಟ್ಕಾ ಪೂರ್ತಿ ನಿಲ್ಲಿಸಲಿ, ರೇಡಿಯೇಷನ್‌ಗೆ ಮುಂಚೆ ಹಲ್ಲಿನ ಡಾಕ್ಟರಿಗೂ ತೋರಿಸಲಿ. ಹಾಳಾದ ಹಲ್ಲು ಕೀಳುವುದಿದ್ದರೆ ಮೊದಲೇ ಕೀಳಬೇಕು, ಆಮೇಲೆ ಕಷ್ಟ.

ಪ್ರಶ್ನೆ: ಖಾಸಗಿ ಪ್ರೌಢಶಾಲೆಯಲ್ಲಿ ಶಿಕ್ಷಕನಾಗಿ ನಿವೃತ್ತನಾದವನು ನಾನು. ಪತ್ನಿಗೆ 63 ವರ್ಷ, ಸ್ತನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಆಗಿದೆ. 'ಹರ್ ಟೂ ಪಾಸಿಟಿವ್' ಎಂಬ ಬಗೆಯದ್ದಾದ್ದರಿಂದ ಮೂರು ವಾರಕ್ಕೊಮ್ಮೆ, ಒಂದು ವರ್ಷ, ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಬೇಕು ಎಂದಿದ್ದಾರೆ. ಒಂದೇ ಔಷಧಿಗೆ ಒಬ್ಬೊಬ್ಬರು ಒಂದೊಂದು ಬೆಲೆ ಹೇಳುತ್ತಿದ್ದಾರೆ. ವಿಮೆ ಮಾಡಿಸಿಲ್ಲ. ಅಗ್ಗದ್ದು ಕೊಂಡರೆ ಮೋಸ ಹೋಗುತ್ತೇವೆಯೇ?

— ಧಾರವಾಡದ ಓದುಗ

ಉತ್ತರ: ಸರ್, ಅಗ್ಗದ್ದೆಲ್ಲ ಮೋಸ ಅಲ್ಲ. ಈ ಔಷಧಿ ಮೊದಲು ವಿದೇಶಿ ಕಂಪನಿಯದ್ದು ಮಾತ್ರ ಇತ್ತು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ತನ್ನದನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ಇನ್ನೂ ಕೆಲವು ಕಂಪನಿಗಳು ಬಂದವು, ಬೆಲೆ ಇಳಿಯಿತು. ಮೂಲ ಔಷಧಿಯನ್ನು ಹೋಲುವ ಇವನ್ನು ಬಯೋಸಿಮಿಲರ್ ಅನ್ನುತ್ತಾರೆ. ಔಷಧ ನಿಯಂತ್ರಕರ ಒಪ್ಪಿಗೆ ಪಡೆದವು. ಯಾವುದು ಆಗಬಹುದು ಅಂತ ನಿಮ್ಮ ಡಾಕ್ಟರ ಹತ್ತಿರವೇ ಎರಡು ಮೂರು ಬ್ರ್ಯಾಂಡ್ ಹೆಸರು ಬರೆಸಿಕೊಳ್ಳಿ, ಆಮೇಲೆ ಬೆಲೆ ವಿಚಾರಿಸಿ. ಡಬ್ಬಿಯ ಮೇಲಿನ ಎಂಆರ್‌ಪಿಯನ್ನೇ ಕೇಳಬೇಡಿ, 'ನೀವು ಎಷ್ಟಕ್ಕೆ ಕೊಡ್ತೀರಿ' ಅಂತ ಕೇಳಿ. ಕ್ಯಾನ್ಸರ್ ಔಷಧಿಗಳಲ್ಲಿ ಈ ಎರಡರ ನಡುವೆ ಬಹಳ ಅಂತರ ಇರುತ್ತೆ. 2019ರಲ್ಲಿ ಕೇಂದ್ರ ಸರ್ಕಾರ 42 ಕ್ಯಾನ್ಸರ್ ಔಷಧಿಗಳ ಮೇಲೆ ವ್ಯಾಪಾರದ ಲಾಭ ಶೇ 30 ಮೀರಬಾರದು ಅಂತ ಮಿತಿ ಹಾಕಿದ್ದು ಇದೇ ಕಾರಣಕ್ಕೆ. ಸರ್ಕಾರದ ರಿಯಾಯಿತಿ ಔಷಧಿ ಮಳಿಗೆಯಾದ ಅಮೃತ್ ಫಾರ್ಮಸಿಯಲ್ಲೂ ವಿಚಾರಿಸಿ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಸಂಸ್ಥೆ ನಿಮಗೆ ಹತ್ತಿರ, ಅಲ್ಲಿನ ದರವನ್ನೂ ಕೇಳಿ ನೋಡಿ.

ಇನ್ನೊಂದು ಕಡೆ ದುಡ್ಡು ಉಳಿಯುತ್ತೆ. ಈ ಔಷಧಿಯ ಪ್ರಮಾಣ ಮೈತೂಕದ ಮೇಲೆ ನಿಂತಿದೆ. ಸಾಮಾನ್ಯವಾಗಿ ಮೊದಲ ಸಲ ಕೆಜಿಗೆ 8 ಮಿಲಿಗ್ರಾಂ, ಆಮೇಲೆ 6. ನಿಮ್ಮ ಮನೆಯವರು 60 ಕೆಜಿ ಇದ್ದರೆ ಎರಡನೇ ಸಲದಿಂದ 360 ಮಿಲಿಗ್ರಾಂ ಸಾಕು. ದೊಡ್ಡ ಬಾಟಲಿಯಲ್ಲಿ 440 ಇರುತ್ತೆ. ಜೊತೆಗೆ ಕೊಡುವ ದ್ರಾವಣದಲ್ಲೇ ಕಲಸಿ ಫ್ರಿಜ್‌ನಲ್ಲಿಟ್ಟರೆ ಉಳಿದದ್ದನ್ನು 28 ದಿನದೊಳಗೆ ಬಳಸಬಹುದು. ನಿಮಗೆ ಮುಂದಿನ ಡೋಸ್ 21 ದಿನಕ್ಕೆ. ಉಳಿದದ್ದನ್ನು ಎತ್ತಿಡುವ ವ್ಯವಸ್ಥೆ ಇದೆಯಾ, ಇಲ್ಲದಿದ್ದರೆ ಚಿಕ್ಕ ಬಾಟಲಿಗಳನ್ನು ಸೇರಿಸಿ ಕೊಡಬಹುದಾ ಅಂತ ನರ್ಸ್ ಅಲ್ಲ, ಡಾಕ್ಟರನ್ನೇ ಕೇಳಿ. ಮೂರು ತಿಂಗಳಿಗೊಮ್ಮೆ ಹೃದಯದ ಎಕೋ ಮಾಡಿಸುತ್ತಾರೆ, ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆದಾಯ ತೆರಿಗೆ ಕಟ್ಟುತ್ತಿದ್ದರೆ, ಪತ್ನಿ ಹಿರಿಯ ನಾಗರಿಕರಾದ್ದರಿಂದ ಈ ಚಿಕಿತ್ಸೆಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕಡಿತ ಕೇಳಬಹುದು. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80ಡಿಡಿಬಿಯ ಕಡಿತ ಅಂತ ನಿಮ್ಮ ಆಡಿಟರ್‌ಗೆ ಹೇಳಿದರೆ ಸಾಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ ಮಾತ್ರ ಇದು. ಕ್ಯಾನ್ಸರ್ ತಜ್ಞರ ಬರಹ ಬೇಕು.

ಹೊರಗಿನಿಂದ ಔಷಧಿ ತರುವುದಾದರೆ ಆಸ್ಪತ್ರೆ ಒಪ್ಪುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಿ. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಔಷಧಿ, ಐಸ್ ಪೆಟ್ಟಿಗೆಯಲ್ಲಿ ಹಾಕಿಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ. ಬಿಲ್‌ನಲ್ಲಿ ಬ್ಯಾಚ್ ನಂಬರ್ ಬರೆಸಿ, ಡಬ್ಬಿಯ ಮೇಲಿನದ್ದಕ್ಕೆ ಹೊಂದುತ್ತದೆಯೇ ಅಂತ ಕೌಂಟರ್ ಮುಂದೆಯೇ ನೋಡಿಕೊಳ್ಳಿ.